ಪವಿತ್ರ ನಾಡಿನ ಗುಂಪು ಯಾತ್ರೆ: ಮೊದಲ ದಿನಗಳನ್ನು ಹೇಗೆ ಜೋಡಿಸಬೇಕು?

ಯಾತ್ರಾ ಸಂಯೋಜಕ, ಮಂಗಳೂರು (ಚರ್ಚೆಯ ಆರಂಭ)

ನಮ್ಮ ಧರ್ಮಕೇಂದ್ರದಿಂದ (ಚರ್ಚಿನಿಂದ) ಪವಿತ್ರ ನಾಡಿಗೆ, ಅಂದರೆ ಯೇಸುಸ್ವಾಮಿ ಬಾಳಿದ ಇಸ್ರೇಲ್, ಪ್ಯಾಲೆಸ್ಟೀನ್, ಜೋರ್ಡನ್ ಪ್ರದೇಶಗಳಿಗೆ ಹೋಗಲು ಸುಮಾರು ನಲವತ್ತು ಮಂದಿ ಹೆಸರು ಕೊಟ್ಟಿದ್ದಾರೆ. ಹೆಚ್ಚಿನವರು ಅರುವತ್ತು ದಾಟಿದವರು, ಈ ಯಾತ್ರೆಗಾಗಿ ವರ್ಷಗಟ್ಟಲೆ ಹಣ ಕೂಡಿಟ್ಟವರು, ಅತ್ತೂರಿಗೂ ವೇಲಾಂಕಣಿಗೂ ತಪ್ಪದೆ ಹೋಗಿಬರುವವರು. ಟ್ರಾವೆಲ್ಸ್‌ನವರು ಕಳುಹಿಸಿದ ಕಾರ್ಯಕ್ರಮ ಪಟ್ಟಿಯನ್ನು ನೋಡಿದ ಮೇಲೆ ನನಗೆ ಸಮಾಧಾನವಾಗಿಲ್ಲ. ಆದ್ದರಿಂದ ಇಲ್ಲಿ ಅನುಭವಿಗಳ ಅಭಿಪ್ರಾಯ ಕೇಳುತ್ತಿದ್ದೇನೆ.

ಪಟ್ಟಿಯ ಪ್ರಕಾರ, ರಾತ್ರಿಯಿಡೀ ಗಲ್ಫ್ ಮಾರ್ಗವಾಗಿ ಪ್ರಯಾಣ ಮಾಡಿ ಬೆಳಿಗ್ಗೆ ಜೋರ್ಡನ್ ದೇಶದ ಅಮ್ಮಾನ್‌ನಲ್ಲಿ ಇಳಿಯುವ ಗುಂಪು ವಿಮಾನ ನಿಲ್ದಾಣದಿಂದ ನೇರವಾಗಿ ಮಾದಬಾಕ್ಕೆ, ಅಲ್ಲಿಂದ ನೆಬೋ ಬೆಟ್ಟಕ್ಕೆ, ಅಲ್ಲಿಂದ ಜೋರ್ಡನ್ ನದಿಯ ದೀಕ್ಷಾಸ್ನಾನ ಸ್ಥಳಕ್ಕೆ ಹೋಗಬೇಕು. ಮರುದಿನ ಹೋಗಿಬರುವುದಕ್ಕೇ ಆರು ಗಂಟೆ ಹಿಡಿಯುವ, ಬಂಡೆ ಕೊರೆದು ಕಟ್ಟಿದ ಪ್ರಾಚೀನ ನಗರ ಪೆಟ್ರಾ. ಮೂರನೆಯ ದಿನ ಇಸ್ರೇಲಿನ ಗಡಿ ದಾಟಿ, ಕತ್ತಲಾಗುವುದರೊಳಗೆ ತಾಬೋರ್ ಬೆಟ್ಟ, ಕಾನಾ, ನಜರೇತು ಮೂರನ್ನೂ ಮುಗಿಸಬೇಕು. ಈ ಎಲ್ಲ ಸ್ಥಳಗಳೂ ನೋಡಬೇಕಾದವುಗಳೇ. ಆದರೆ ನಿದ್ದೆಯಿಲ್ಲದ ಕಣ್ಣಿನಿಂದ ಗಡಿಯಾರ ನೋಡುತ್ತ ಹೋದವರಿಗೆ, ದೇವದೂತ ಮರಿಯಮ್ಮನವರಿಗೆ ಮಂಗಳವಾರ್ತೆ ತಿಳಿಸಿದ ನಜರೇತಿನ ಗವಿಯ ಮುಂದೆ ನಿಂತಾಗಲೂ ಹೋಟೆಲಿನ ಕೋಣೆಯದೇ ಚಿಂತೆಯಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಒಂದು ಗುಂಪು ಯಾತ್ರಿಕರ ಗುಂಪಾಗುವುದೋ ಪ್ರವಾಸಿಗರ ಗುಂಪಾಗಿಯೇ ಉಳಿಯುವುದೋ ಎಂಬುದು ಮೊದಲ ಮೂರು ನಾಲ್ಕು ದಿನಗಳಲ್ಲಿ ತೀರ್ಮಾನವಾಗುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟು ಯಾರಿಗೆ, ಕೋಣೆಯಲ್ಲಿ ಯಾರ ಜೊತೆ ಯಾರು, ಯಾರಿಂದ ತಡವಾಯಿತು ಎಂಬ ಮಾತುಗಳು ಈ ದಿನಗಳಲ್ಲಿಯೇ ಏಳುತ್ತವೆ, ಒಟ್ಟಿಗೆ ಪ್ರಾರ್ಥಿಸುವ ರೂಢಿಯೂ ಈ ದಿನಗಳಲ್ಲಿಯೇ ಬೇರೂರಬೇಕು. ಆದ್ದರಿಂದ ಆರಂಭದಲ್ಲಿ ಸ್ಥಳಗಳು ಕಡಿಮೆಯಿದ್ದು, ಪ್ರತಿ ಸ್ಥಳದಲ್ಲಿ ಕಳೆಯುವ ಹೊತ್ತು ಹೆಚ್ಚಿರಬೇಕು. ಜೆರುಸಲೇಮಿಗೆ ಮೊದಲು ಗಲಿಲೇಯವಿರಬೇಕು.

ನಾನು ಯೋಚಿಸಿರುವ ಕ್ರಮ ಹೀಗಿದೆ. ಮೊದಲ ದಿನ ಮಧ್ಯಾಹ್ನದವರೆಗೆ ಹೋಟೆಲಿನಲ್ಲಿ ವಿಶ್ರಾಂತಿ. ಬಿಸಿಲು ಇಳಿದ ಮೇಲೆ ನೆಬೋ ಬೆಟ್ಟವೊಂದನ್ನೇ ನೋಡಿ, ಅಲ್ಲಿನ ಫ್ರಾನ್ಸಿಸ್ಕನ್ನರ ದೇವಾಲಯದಲ್ಲಿ ಯಾತ್ರೆಯ ಮೊದಲ ಬಲಿಪೂಜೆ. ಮೋಶೆ ವಾಗ್ದತ್ತ ನಾಡನ್ನು ಕಂಡು, ಅದನ್ನು ಪ್ರವೇಶಿಸದೆ ಪ್ರಾಣಬಿಟ್ಟ ಬೆಟ್ಟವದು. ಧರ್ಮೋಪದೇಶಕಾಂಡದ 34ನೆಯ ಅಧ್ಯಾಯವನ್ನು ಅಲ್ಲಿ ಓದಿ ಎದುರಿಗೆ ನೋಡಿದರೆ ಕೆಳಗೆ ಮೃತ ಸಮುದ್ರ, ಅದರಾಚೆ ಜೆರಿಕೋದ ಹಸಿರು, ಆಕಾಶ ತಿಳಿಯಾಗಿದ್ದರೆ ಜೆರುಸಲೇಮಿನ ಬೆಟ್ಟಗಳ ಸಾಲು ಕಾಣುತ್ತದೆ. ಮುಂದಿನ ದಿನಗಳಲ್ಲಿ ತುಳಿಯಲಿರುವ ನೆಲವನ್ನು ದೂರದಿಂದ ಒಮ್ಮೆ ಕಣ್ತುಂಬ ನೋಡುವುದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುತ್ತಿಲ್ಲ.

ಎರಡನೆಯ ದಿನ ಮಾದಬಾ ಮತ್ತು ಜೋರ್ಡನ್ ನದಿ. ಪೆಟ್ರಾ ಬೇಡ. ಮೂರನೆಯ ದಿನ ಉತ್ತರದ ಶೇಖ್ ಹುಸೇನ್ ಸೇತುವೆಯ ಮೂಲಕ ಗಡಿ ದಾಟಿ, ನೇರವಾಗಿ ಗಲಿಲೇಯ ಸರೋವರದ ದಡದಲ್ಲಿರುವ ಯಾತ್ರಿನಿವಾಸಕ್ಕೆ. ಗಡಿಯಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲವಾದ್ದರಿಂದ ಆ ದಿನ ಬೇರೇನೂ ಇಟ್ಟುಕೊಂಡಿಲ್ಲ. ನಾಲ್ಕನೆಯ ದಿನ ನಜರೇತು ಮತ್ತು ಕಾನಾ. ಐದನೆಯ ದಿನ ಸರೋವರದ ಸುತ್ತಣ ಸ್ಥಳಗಳು. ಇದರಲ್ಲಿ ಏನು ತಪ್ಪಿದೆ, ಏನು ಸೇರಬೇಕು, ದಯವಿಟ್ಟು ತಿಳಿಸಿ.

ಕಾರ್ಕಳದ ಓದುಗ

ಪೆಟ್ರಾ ಬಿಟ್ಟಿದ್ದು ಸರಿ. ಆದರೆ ಜೋರ್ಡನ್‌ನಲ್ಲಿ ಎರಡು ದಿನ ಕಳೆಯುವುದೇ ಹೆಚ್ಚಾಯಿತು ಎಂದು ನನ್ನ ಅನಿಸಿಕೆ. ನಮ್ಮ ಹಿರಿಯರಿಗೆ ಮೊದಲ ದಿನಗಳಲ್ಲಿ ಮಾತ್ರ ಕಾಲಿನಲ್ಲಿ ಶಕ್ತಿ ಇರುತ್ತದೆ. ಜೆರುಸಲೇಮಿನ ಹಳೆಯ ಪಟ್ಟಣದ ಕಲ್ಲುಮೆಟ್ಟಿಲುಗಳನ್ನು ಹತ್ತಿಳಿದು ಶಿಲುಬೆಯ ಹಾದಿ ಮಾಡಬೇಕಾದವರು ಕೊನೆಯಲ್ಲಿ ಅಲ್ಲಿಗೆ ತಲಪುವಾಗ ಮಂಡಿ ಹಿಡಿದು ಕೂರುತ್ತಾರೆ. ಯೇಸುಸ್ವಾಮಿಯ ಸಮಾಧಿಯಿರುವ, ಎಲ್ಲಕ್ಕಿಂತ ಮುಖ್ಯವಾದ ಪುನರುತ್ಥಾನದ ದೇವಾಲಯವನ್ನು ಮೊದಲು ನೋಡಿ, ಗಲಿಲೇಯವನ್ನು ಕೊನೆಗೆ ಇಟ್ಟುಕೊಳ್ಳಬಾರದೇಕೆ? ಗಲಿಲೇಯದಲ್ಲಿ ಬಸ್ಸು ಬಾಗಿಲಿನವರೆಗೆ ಹೋಗುತ್ತದೆ.

ಯಾತ್ರಾ ಸಂಯೋಜಕ, ಮಂಗಳೂರು

ಮಂಡಿಯ ಮಾತು ನಿಜ, ಅದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೂ ಕ್ರಮ ಬದಲಿಸಲು ಮನಸ್ಸಾಗುವುದಿಲ್ಲ. ಪುನರುತ್ಥಾನದ ದೇವಾಲಯವನ್ನು ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಲತೀನ್ (ರೋಮನ್ ಕಥೋಲಿಕ), ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಹೀಗೆ ಆರು ಸಭೆಗಳು ಹಂಚಿಕೊಂಡಿವೆ. ಒಂದೆಡೆ ಧೂಪ, ಇನ್ನೊಂದೆಡೆ ಬೇರೆ ಭಾಷೆಯ ಹಾಡು, ಮುಂದೆ ಉದ್ದ ಸಾಲು, ಹಿಂದಿನಿಂದ ನೂಕುವವರು. ಇನ್ನೂ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಪರಿಚಯವಾಗದ ಗುಂಪನ್ನು ಎರಡನೆಯ ದಿನವೇ ಆ ಗದ್ದಲದೊಳಗೆ ತಂದು ನಿಲ್ಲಿಸಿದರೆ ಅವರು ಗಾಬರಿಯಾಗುತ್ತಾರೆ, ಕೆಲವರಿಗೆ ಬೇಸರವೂ ಆಗುತ್ತದೆ. ಗಲಿಲೇಯದ ದಡದಲ್ಲಿ ಮೂರು ದಿನ ಶುಭಸಂದೇಶ ಕೇಳಿದವರು ಅದೇ ಸಾಲಿನಲ್ಲಿ ಎರಡು ಗಂಟೆ ತಾಳ್ಮೆಯಿಂದ ನಿಲ್ಲುತ್ತಾರೆ. ಶಿಷ್ಯರು ಕೂಡ ಗಲಿಲೇಯದಿಂದಲೇ ಯೇಸುಸ್ವಾಮಿಯ ಹಿಂದೆ ನಡೆದು ಜೆರುಸಲೇಮಿಗೆ ಬಂದವರು. ಆ ದಾರಿಯನ್ನು ತಿರುಗಿಸಲು ನನಗೆ ಇಷ್ಟವಿಲ್ಲ.

ಶುಶ್ರೂಷಕಿ, ಕುವೈತ್

ನಾನು ಹುಟ್ಟಿ ಬೆಳೆದದ್ದು ಉಡುಪಿ ಸೀಮೆಯಲ್ಲಿ, ಕೆಲಸ ಕುವೈತಿನಲ್ಲಿ. ಇಲ್ಲಿನ ಧರ್ಮಕೇಂದ್ರದ ಗುಂಪಿನೊಂದಿಗೆ ಆರೋಗ್ಯ ನೋಡಿಕೊಳ್ಳುವವಳಾಗಿ ಹೋಗಿಬಂದ ಅನುಭವದಿಂದ ಬರೆಯುತ್ತಿದ್ದೇನೆ. ಕ್ರಮದ ಬಗ್ಗೆ ಸಂಯೋಜಕರ ಮಾತೇ ನನ್ನದೂ. ಆದರೆ ಕಾರ್ಕಳದವರು ಎತ್ತಿದ ದೇಹದ ಪ್ರಶ್ನೆಗೆ ಉತ್ತರ ಕೊಡದೆ ಮುಂದಕ್ಕೆ ಹೋಗಬಾರದು.

ಮೊದಲನೆಯದಾಗಿ ಮಾತ್ರೆಗಳು. ಎಲ್ಲರೂ ತಮ್ಮ ಔಷಧಿಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕಳುಹಿಸಿಬಿಡುತ್ತಾರೆ. ಸಾಮಾನು ಒಂದು ದಿನ ತಡವಾದರೆ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರ ಗತಿ ಏನು? ಔಷಧಿ ಕೈಚೀಲದಲ್ಲಿರಬೇಕು, ಜೊತೆಗೆ ವೈದ್ಯರ ಚೀಟಿಯಿರಬೇಕು, ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ ಹೆಸರೂ ಇರಬೇಕು.

ಎರಡನೆಯದು ಗಡಿಯಾರ. ಜೋರ್ಡನ್ 2022ರಿಂದ ವರ್ಷವಿಡೀ ಒಂದೇ ಸಮಯವನ್ನು ಇಟ್ಟುಕೊಂಡಿದೆ. ಅದು ನಮ್ಮ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಸ್ರೇಲ್ ಮಾತ್ರ ಚಳಿಗಾಲದಲ್ಲಿ ಗಡಿಯಾರವನ್ನು ಇನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಹಾಗಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಸೇತುವೆಯ ಈಚೆ ಒಂದು ಸಮಯ, ಆಚೆ ಇನ್ನೊಂದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನು ಎರಡೆರಡು ಬಾರಿ ಹೊಂದಿಸಿಕೊಳ್ಳಬೇಕಾಗುತ್ತದೆ. ಗಡಿಯ ದಿನ ಬಸ್ಸಿನಲ್ಲಿ ಬಿಸ್ಕತ್ತು, ಖರ್ಜೂರ, ನೀರು ಇರಲೇಬೇಕು. ಜೋರ್ಡನ್ನಿನ ಬಸ್ಸು, ಗೈಡು ಅಲ್ಲಿಗೇ ನಿಲ್ಲುತ್ತಾರೆ. ಸಾಮಾನು ಇಳಿಸಿ, ತಪಾಸಣೆ ಮುಗಿಸಿ, ಸೇತುವೆ ದಾಟಿಸುವ ಬಸ್ಸು ಹತ್ತಿ, ಮತ್ತೆ ಇಳಿದು, ಮತ್ತೊಂದು ತಪಾಸಣೆ ಮುಗಿಸಿ ಆಚೆಯ ಬಸ್ಸು ಸೇರಬೇಕು. ಇಸ್ರೇಲಿನವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಸಣ್ಣದೊಂದು ಚೀಟಿ ಕೊಡುತ್ತಾರೆ. ಅದನ್ನು ಯಾತ್ರೆ ಮುಗಿಯುವವರೆಗೆ ಪಾಸ್‌ಪೋರ್ಟಿನೊಳಗೇ ಕಾಪಾಡಿಕೊಳ್ಳಲು ಎಲ್ಲರಿಗೂ ಹೇಳಿಡಿ.

ಗಲಿಲೇಯ ಸರೋವರ ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಬೇಸಿಗೆಯಲ್ಲಿ ಅಲ್ಲಿನ ಸೆಕೆ ನಮ್ಮ ಮೇ ತಿಂಗಳನ್ನು ನೆನಪಿಸುತ್ತದೆ. ತಾಬೋರ್ ಬೆಟ್ಟದ ತಿರುವುಗಳನ್ನು ದೊಡ್ಡ ಬಸ್ಸು ಹತ್ತುವುದಿಲ್ಲ, ಬುಡದಲ್ಲಿ ಇಳಿದು ಸಣ್ಣ ವ್ಯಾನುಗಳಲ್ಲಿ ಹೋಗಬೇಕು. ಕಾಯುವ ಜಾಗದಲ್ಲಿ ಹಿರಿಯರಿಗೆ ಕುಳಿತುಕೊಳ್ಳಲು ನೆರಳು ನೋಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಆದರೆ ನಮ್ಮವರಿಗೆ ಅದು ಸಣ್ಣದಲ್ಲ. ಯೆಹೂದ್ಯರ ಆಹಾರ ನಿಯಮ ಪಾಲಿಸುವ ಹೋಟೆಲುಗಳಲ್ಲಿ ಮಾಂಸದ ಊಟದ ಜೊತೆ ಹಾಲು ಬಡಿಸುವುದಿಲ್ಲ. ರಾತ್ರಿಯ ಊಟವಾದ ಮೇಲೆ ಹಾಲು ಹಾಕಿದ ಚಹಾ ಕೇಳಿದರೆ ಅವರು ಕೊಡಲಾರರು, ಕೇಳಿದವರಿಗೆ ಅವಮಾನವಾದಂತೆ ಅನಿಸುತ್ತದೆ. ಅದು ಅವರ ಧರ್ಮದ ಕಟ್ಟಳೆ ಎಂದು ಹೊರಡುವ ಮೊದಲೇ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ. ಅವರ ವಿಶ್ರಾಂತಿಯ ದಿನವಾದ ಸಬ್ಬತ್ (ಶನಿವಾರ) ಬೆಳಗಿನ ತಿಂಡಿಯೂ ಹಾಗೆಯೇ, ಬಿಸಿಯಾಗಿ ಮಾಡಿಕೊಡುವುದು ಇರುವುದಿಲ್ಲ.

ಶಿಕ್ಷಕಿ, ಹಾಸನ

ಮಂಗಳೂರಿನಿಂದ ಹೊರಡುವ ಗುಂಪು ಗಲಿಲೇಯಕ್ಕೆ ಹೋಗಿ ಇಬಿಲ್ಲಿನ್ ಹಳ್ಳಿಗೆ ಹೋಗದೆ ಬರುವುದು ನನಗೆ ಸರಿಕಾಣುವುದಿಲ್ಲ. ನಾಲ್ಕನೆಯ ದಿನದ ಪಟ್ಟಿಯಲ್ಲಿ ಅದಕ್ಕೆ ಒಂದೂವರೆ ಗಂಟೆ ಕೊಡಿ ಎಂದು ವಿನಂತಿಸುತ್ತೇನೆ.

ಸಂತ ಮರಿಯಂ ಬವಾರ್ದಿ 1846ರ ಜನವರಿ 5ರಂದು ಹುಟ್ಟಿದ್ದು ಅಲ್ಲಿ, ಪೂರ್ವದ ಕಥೋಲಿಕ ಸಭೆಗಳಲ್ಲಿ ಒಂದಾದ ಮೆಲ್ಕೈಟ್ ಗ್ರೀಕ್ ಕಥೋಲಿಕ ಸಭೆಯ ಕುಟುಂಬದಲ್ಲಿ. ಹುಟ್ಟಿದ ಗಂಡುಮಕ್ಕಳೆಲ್ಲ ಎಳೆತನದಲ್ಲೇ ತೀರಿಹೋದಾಗ ತಂದೆತಾಯಿ ಬೆತ್ಲೆಹೇಮಿಗೆ ನಡೆದೇ ಹೋಗಿ ಮಾತೆ ಮರಿಯಮ್ಮನವರಲ್ಲಿ ಒಂದು ಹೆಣ್ಣುಮಗುವನ್ನು ಬೇಡಿಕೊಂಡರು. ಆ ಯಾತ್ರೆಯ ಫಲವೆಂದೇ ಮಗುವಿಗೆ ಮರಿಯಂ ಎಂದು ಹೆಸರಿಟ್ಟರು. ಮೂರು ತುಂಬುವ ಮೊದಲೇ ಮಗು ತಬ್ಬಲಿಯಾಯಿತು. ಅಲೆಕ್ಸಾಂಡ್ರಿಯಾ, ಮಾರ್ಸೇಲ್ ಎಂದು ಊರೂರು ಅಲೆದು, ಮನೆಗೆಲಸ ಮಾಡಿ, ಕೊನೆಗೆ 1867ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಅಲ್ಲಿಂದ 1870ರಲ್ಲಿ ಹೊರಟ ಸಿಸ್ಟರುಗಳ ಜೊತೆ ಹಡಗಿನಲ್ಲಿ ಬಂದದ್ದು ಮಂಗಳೂರಿಗೆ. ದಾರಿಯಲ್ಲಿಯೇ ಜೊತೆಯವರಲ್ಲಿ ಕೆಲವರನ್ನು ಕಳೆದುಕೊಂಡು ಬಂದವರು ನಮ್ಮ ಊರಿನಲ್ಲಿ ಏಕಾಂತ ಕಾರ್ಮೆಲ್ ಮಠವನ್ನು ಆರಂಭಿಸಿದರು. 1871ರ ನವೆಂಬರ್ 21ರಂದು ಮರಿಯಂ ತಮ್ಮ ವ್ರತಗಳನ್ನು ಸ್ವೀಕರಿಸಿದ್ದು ಮಂಗಳೂರಿನಲ್ಲಿಯೇ. ಮರುವರ್ಷ ಫ್ರಾನ್ಸಿಗೆ ಮರಳಿದರು, 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೋದರು, ಅಲ್ಲಿಯೇ 1878ರ ಆಗಸ್ಟ್ 26ರಂದು ತೀರಿಕೊಂಡರು. 2015ರ ಮೇ 17ರಂದು ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು.

ಇಬಿಲ್ಲಿನ್‌ನ ಅರಬ್ ಕ್ರೈಸ್ತರಿಗೆ ನಮ್ಮವರು ಮಂಗಳೂರಿನಿಂದ ಬಂದವರೆಂದು ಹೇಳಿದರೆ ಅದು ಸುಮ್ಮನೆ ಭೂಪಟದ ಮೇಲಿನ ಹೆಸರಾಗಿ ಉಳಿಯುವುದಿಲ್ಲ, ಅವರ ಮಗಳು ವ್ರತ ತೆಗೆದುಕೊಂಡ ಊರಾಗುತ್ತದೆ. ಯಾತ್ರೆಯ ಆರಂಭದಲ್ಲಿ ಇಬಿಲ್ಲಿನ್, ಮುಂದೆ ಬೆತ್ಲೆಹೇಮಿನಲ್ಲಿ ಅವರ ಸಮಾಧಿ. ಇಡೀ ಯಾತ್ರೆಗೆ ಇದಕ್ಕಿಂತ ಗಟ್ಟಿಯಾದ ನಂಟು ನಮ್ಮವರಿಗೆ ಬೇರೆ ಸಿಗದು.

ಕಾನಾದ ಬಗ್ಗೆಯೂ ಒಂದು ಮಾತು. ಯೇಸುಸ್ವಾಮಿ ಮದುವೆಯ ಮನೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ ಊರಾದ್ದರಿಂದ ಅಲ್ಲಿ ದಂಪತಿಗಳು ವಿವಾಹ ಪ್ರತಿಜ್ಞೆಯನ್ನು ನವೀಕರಿಸುವುದು ವಾಡಿಕೆ. ನಿಮ್ಮ ಗುಂಪಿನಲ್ಲಿ ಅರುವತ್ತು ದಾಟಿದವರೇ ಹೆಚ್ಚು ಎಂದಿದ್ದೀರಿ. ಹಾಗಾದರೆ ಗಂಡನನ್ನು ಕಳೆದುಕೊಂಡ ತಾಯಂದಿರು ಎಷ್ಟು ಮಂದಿ ಇರಬಹುದು ಎಂದು ಯೋಚಿಸಿ. ದಂಪತಿಗಳು ಕೈಹಿಡಿದು ಪೀಠದ ಮುಂದೆ ನಿಂತಾಗ ಇವರು ಹಿಂದಿನ ಬೆಂಚಿನಲ್ಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತದ್ದನ್ನು ನಾನು ನೋಡಿದ್ದೇನೆ. ಅವರಿಗೂ ಅಲ್ಲಿ ಒಂದು ಪ್ರಾರ್ಥನೆ ಇರಬೇಕು.

ಕಾರ್ಕಳದ ಓದುಗ

ಹಾಸನದ ಅಮ್ಮನವರ ಕೊನೆಯ ಮಾತು ಮನಸ್ಸಿಗೆ ತಟ್ಟಿತು. ನನ್ನ ತಾಯಿಯೂ ವಿಧವೆ. ಗಲಿಲೇಯವನ್ನು ಮೊದಲು ಇಡುವುದಕ್ಕೆ ನನ್ನ ವಿರೋಧವಿಲ್ಲ, ಗಾಲಿಕುರ್ಚಿಯ ವ್ಯವಸ್ಥೆಯನ್ನು ಜೆರುಸಲೇಮಿಗಾಗಿ ಮೊದಲೇ ಮಾಡಿಕೊಂಡರೆ ಸಾಕು. ಜೋರ್ಡನ್‌ನಲ್ಲಿ ಎರಡು ದಿನ ಏಕೆ ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ.

ಧರ್ಮಗುರು, ಮೈಸೂರು ಸೀಮೆ

ಆ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ಹದಿನಾರು ಶತಮಾನಗಳ ಹಿಂದೆ, ಸುಮಾರು 381ರಿಂದ 384ರವರೆಗೆ, ಎಗೇರಿಯ ಎಂಬ ಮಹಿಳೆ ಪಶ್ಚಿಮದಿಂದ ಪವಿತ್ರ ನಾಡಿಗೆ ಬಂದು ತನ್ನ ಯಾತ್ರೆಯ ವಿವರವನ್ನು ಬರೆದಿಟ್ಟಳು. ಆಕೆಯೂ ಜೋರ್ಡನ್ ದಾಟಿ ನೆಬೋ ಬೆಟ್ಟ ಹತ್ತಿದವಳು. ಪ್ರತಿ ಸ್ಥಳದಲ್ಲಿ ಆಕೆಯ ಕ್ರಮ ಒಂದೇ ಆಗಿತ್ತು: ಒಂದು ಪ್ರಾರ್ಥನೆ, ಆ ಸ್ಥಳಕ್ಕೆ ಸೇರಿದ ಧರ್ಮಗ್ರಂಥದ ಭಾಗದ ಓದು, ಅದಕ್ಕೆ ಹೊಂದುವ ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಇಂದಿನ ಗುಂಪುಗಳಿಗೆ ನಾನು ಕಲಿಸುವುದೂ ಇದನ್ನೇ. ಗೈಡಿನ ವಿವರಣೆ ನಂತರ ಬರಲಿ, ಮೊದಲು ವಾಕ್ಯ. ಈ ರೂಢಿ ಕೂಡಿಬರಲು ಜನಸಂದಣಿ ಇಲ್ಲದ ಜಾಗ ಬೇಕು. ಜೋರ್ಡನ್ನಿನ ಎರಡು ದಿನ ಅದಕ್ಕೆ ಹೇಳಿಮಾಡಿಸಿದಂತಿದೆ.

ಮಾದಬಾದ ಸಂತ ಜಾರ್ಜರ ಆರ್ಥೊಡಾಕ್ಸ್ ದೇವಾಲಯದ ನೆಲದಲ್ಲಿ 6ನೆಯ ಶತಮಾನದ ಮೊಸಾಯಿಕ್ ಭೂಪಟವಿದೆ. ಪವಿತ್ರ ನಾಡಿನ, ಇಂದಿಗೂ ಉಳಿದಿರುವ ಅತಿ ಹಳೆಯ ಭೂಪಟ ಅದು. ಜೆರುಸಲೇಮನ್ನು ಕಂಬಸಾಲಿನ ಬೀದಿಯ ಸಮೇತ ಮೊಟ್ಟೆಯಾಕಾರದಲ್ಲಿ ಚಿತ್ರಿಸಿದ್ದಾರೆ. ನಾನು ಜನರಿಗೆ ತೋರಿಸುವುದು ಮಾತ್ರ ಅಲ್ಲಿನ ಮೀನುಗಳನ್ನು. ಜೋರ್ಡನ್ ನದಿಯಲ್ಲಿ ಈಜಿಬರುವ ಒಂದು ಮೀನು ಮೃತ ಸಮುದ್ರದ ಉಪ್ಪಿನ ಹತ್ತಿರ ಬಂದು ಹಿಂದಕ್ಕೆ ತಿರುಗುತ್ತಿರುವಂತೆ ಸಣ್ಣ ಸಣ್ಣ ಕಲ್ಲುಗಳಲ್ಲಿ ಕೂರಿಸಿದ್ದಾರೆ. ಕರಾವಳಿಯವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ, ನೋಡಿದೊಡನೆ ನಗುತ್ತಾರೆ. ಆ ಭೂಪಟದ ಸುತ್ತ ನಿಂತು, ಮುಂದೆ ಹೋಗಲಿರುವ ಸ್ಥಳಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಿದರೆ ಇಡೀ ಯಾತ್ರೆಯ ಚಿತ್ರ ಹಿರಿಯರ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಲ್ಲಿಂದ ಅಲ್‌ ಮಗ್ತಾಸ್. ಸ್ನಾನಿಕ ಯೊವಾನ್ನರು ದೀಕ್ಷಾಸ್ನಾನ ಕೊಡುತ್ತಿದ್ದ, ಜೋರ್ಡನ್ನಿನ ಆಚೆಯ ಬೆಥಾನಿಯ ಎಂದು ನಂಬಲಾದ ಈ ಸ್ಥಳವನ್ನು ಯುನೆಸ್ಕೊ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯನ್ನು ದೊಡ್ಡದೆಂದು ಊಹಿಸಿಕೊಂಡವರಿಗೆ ಅಲ್ಲಿ ಅಚ್ಚರಿಯಾಗುತ್ತದೆ. ಕೆಲವೇ ಮೀಟರ್ ಅಗಲದ ಕಂದುಬಣ್ಣದ ನೀರು, ಎರಡೂ ಕಡೆ ಜೊಂಡು. ಎದುರು ದಡದಲ್ಲಿ ಇನ್ನೊಂದು ದೇಶದ ಕಡೆಯಿಂದ ಬಂದ ಯಾತ್ರಿಕರು ಬಿಳಿ ನಿಲುವಂಗಿ ತೊಟ್ಟು ಇದೇ ನೀರಿಗೆ ಇಳಿಯುತ್ತಿರುತ್ತಾರೆ. ಅಲ್ಲಿ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಿದ ಗುಂಪಿನಲ್ಲಿ ಅಂದಿನಿಂದಲೇ ಮಾತಿನ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ. ಕಾರ್ಕಳದವರೇ, ಎರಡು ದಿನ ಬೇಕಾಗುವುದು ಇದಕ್ಕಾಗಿ.

ವ್ಯವಸ್ಥೆಯ ಬಗ್ಗೆ ಎರಡು ಸೂಚನೆ. ಪವಿತ್ರ ಸ್ಥಳಗಳಲ್ಲಿ ಬಲಿಪೂಜೆಯ ಸಮಯವನ್ನು ಫ್ರಾನ್ಸಿಸ್ಕನ್ನರ ಯಾತ್ರಾ ಕಚೇರಿಯ ಮೂಲಕ ಮೊದಲೇ ಕಾದಿರಿಸಬೇಕು. ಗುರುಗಳು ತಮ್ಮ ಧರ್ಮಾಧ್ಯಕ್ಷರು ಕೊಟ್ಟ ಸೆಲೆಬ್ರೆಟ್ ಪತ್ರವನ್ನು (ಪೂಜೆ ಅರ್ಪಿಸಲು ಅರ್ಹರೆಂಬ ದೃಢೀಕರಣವನ್ನು) ಜೊತೆಗೆ ಒಯ್ಯಬೇಕು. ನಜರೇತಿನಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಮಂಗಳವಾರ್ತೆಯ ಪೂಜೆಯನ್ನೇ ಅರ್ಪಿಸಲು ಅವಕಾಶವಿದೆ. ಜೊವಾನ್ನಿ ಮುತ್ಸಿಯೋ ವಿನ್ಯಾಸ ಮಾಡಿ 1969ರಲ್ಲಿ ಪ್ರತಿಷ್ಠೆಯಾದ ಈಗಿನ ಮಹಾದೇವಾಲಯದ ಕೆಳ ಅಂತಸ್ತಿನಲ್ಲಿ ಗವಿಯಿದೆ; ಸಾಧ್ಯವಾದರೆ ಅದರೆದುರಿನ ಪೀಠವನ್ನೇ ಕೇಳಿ. ಅದಾದ ಮೇಲೆ ಅರ್ಧ ಗಂಟೆ ಯಾರೂ ಯಾರನ್ನೂ ಕರೆಯಬಾರದು, ಫೋಟೊಗೆ ನಿಲ್ಲಿಸಬಾರದು. ಅವರವರ ಜಪಸರ, ಅವರವರ ಕಣ್ಣೀರು.

ಕಾನಾದ ವಿಷಯದಲ್ಲಿ ಶಿಕ್ಷಕಿಯವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ದಂಪತಿಗಳ ನಂತರ ವಿಧವೆಯರನ್ನೂ ವಿಧುರರನ್ನೂ ಮುಂದಕ್ಕೆ ಕರೆದು, ತೀರಿಹೋದ ಸಂಗಾತಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಆಶೀರ್ವದಿಸಬಹುದು. ಮದುವೆಯಾಗದವರನ್ನೂ, ಮನೆಯಲ್ಲಿ ಸಂಗಾತಿಯನ್ನು ಕಾಯಿಲೆಯ ಹಾಸಿಗೆಯಲ್ಲಿ ಬಿಟ್ಟು ಬಂದವರನ್ನೂ ಮರೆಯಬಾರದು.

ಎಂಜಿನಿಯರ್, ಬೆಂಗಳೂರು

ಎಲ್ಲರೂ ಕಾರ್ಯಕ್ರಮದ ಬಗ್ಗೆ ಬರೆದಿದ್ದೀರಿ. ಭದ್ರತೆಯ ಬಗ್ಗೆ ಯಾರೂ ಎತ್ತದ ಕಾರಣ ನಾನು ಕೇಳುತ್ತೇನೆ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದಾಗ ಯಾತ್ರೆಗಳು ಬಹುತೇಕ ನಿಂತೇಹೋದವು. ಹೊರಡುವ ನಿರ್ಧಾರವನ್ನು ಟ್ರಾವೆಲ್ಸ್‌ನವರ ಭರವಸೆಯ ಮೇಲೆ ಮಾತ್ರ ತೆಗೆದುಕೊಳ್ಳಬಾರದು. ನಮ್ಮ ವಿದೇಶಾಂಗ ಸಚಿವಾಲಯ ಮತ್ತು ರಾಯಭಾರ ಕಚೇರಿಗಳ ಸೂಚನೆಗಳನ್ನು ನೋಡಿ, ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಲಿಖಿತವಾಗಿ ಪಡೆದು, ಯುದ್ಧದ ಸಂದರ್ಭಕ್ಕೂ ಅನ್ವಯಿಸುತ್ತದೆಯೇ ಎಂದು ವಿಮೆಯ ಷರತ್ತುಗಳನ್ನು ಓದಿ, ಆಮೇಲೆ ಮುಂಗಡ ಕಟ್ಟಿ. ನಾವು ಹೋಗಬೇಕೆಂದಿದ್ದ ಒಂದು ಯಾತ್ರೆ ರದ್ದಾದಾಗ ಹಣ ವಾಪಸಾಗಲು ತಿಂಗಳುಗಳೇ ಹಿಡಿದವು; ಒಪ್ಪಂದದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅದೇ ವೇಳೆ, ಹೋಗಲು ಸಾಧ್ಯವಿರುವಾಗ ಹೋಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾತ್ರಿಕರು ನಿಂತ ಕೂಡಲೇ ಬೆತ್ಲೆಹೇಮಿನ ಆಲಿವ್ ಮರದ ಕೆತ್ತನೆಯವರಿಗೆ, ಗೈಡುಗಳಿಗೆ, ಯಾತ್ರಿನಿವಾಸದ ಅಡುಗೆಯವರಿಗೆ ಕೆಲಸವಿಲ್ಲದಾಯಿತು. ಅವರಲ್ಲಿ ಎಷ್ಟೋ ಮಂದಿ ಅಲ್ಲಿನ ಮೂಲ ಕ್ರೈಸ್ತರು. ಜೆರುಸಲೇಮಿನ ಲತೀನ್ ಪಿತೃಪ್ರಧಾನರಾದ ಕಾರ್ಡಿನಲ್ ಪಿಯೆರ್‌ಬತ್ತಿಸ್ತಾ ಪಿಜ್ಜಬಲ್ಲಾ ಅವರು ಯಾತ್ರಿಕರು ಮರಳಿ ಬರಬೇಕೆಂದು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ಕಲ್ಲುಗಳನ್ನು ನೋಡಿ ಬರುವಾಗ ಆ ಜನರನ್ನು ನೋಡದೆ ಬಂದರೆ ಯಾತ್ರೆ ಅರ್ಧವೇ ಆದಂತೆ. ನಜರೇತಿನಲ್ಲಿ ಭಾನುವಾರ ಸಿಕ್ಕಿದರೆ ಅರಬ್ಬಿ ಭಾಷೆಯ ಪೂಜೆಗೆ ಹಿಂದಿನ ಬೆಂಚಿನಲ್ಲಿಯಾದರೂ ಕುಳಿತು ಬನ್ನಿ. ರಾಗ ಬೇರೆ, ಭಾಷೆ ಬೇರೆ. ನಮ್ಮ ಜನರಿಗೆ ಪೂಜೆಯ ಯಾವ ಭಾಗ ನಡೆಯುತ್ತಿದೆ ಎಂದು ತಿಳಿಯಲು ಒಂದು ಕ್ಷಣವೂ ಬೇಡ.

ಶುಶ್ರೂಷಕಿ, ಕುವೈತ್

ಐದನೆಯ ದಿನದ ಬಗ್ಗೆ ಕೇಳಬೇಕೆಂದಿದ್ದೆ. ಸರೋವರದ ದೋಣಿಯಲ್ಲಿ ಭಾರತದ ಬಾವುಟ ಏರಿಸಿ ರಾಷ್ಟ್ರಗೀತೆ ಹಾಕುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಸಂತೋಷವೇ. ಆದರೆ ಅದಾದ ನಂತರ ಕುಣಿಯುವ ಹಾಡು ಹಾಕಿ ದಡ ಸೇರುವವರೆಗೂ ನಿಲ್ಲಿಸುವುದಿಲ್ಲ. ಫಾದರ್, ನೀವು ಏನು ಮಾಡುತ್ತೀರಿ?

ಧರ್ಮಗುರು, ಮೈಸೂರು ಸೀಮೆ

ಸಹೋದರಿ, ದೋಣಿಯವರಿಗೆ ಹತ್ತುವ ಮೊದಲೇ ಹೇಳಿದರೆ ಅವರು ಸಂತೋಷದಿಂದ ಕೇಳುತ್ತಾರೆ. ರಾಷ್ಟ್ರಗೀತೆಯಾದ ಮೇಲೆ ಸರೋವರದ ನಡುವೆ ಎಂಜಿನ್ ನಿಲ್ಲಿಸಲು ಹೇಳಿ, ಮಾರ್ಕನ 4ನೆಯ ಅಧ್ಯಾಯದಿಂದ ಬಿರುಗಾಳಿಯನ್ನು ಶಾಂತಗೊಳಿಸಿದ ಭಾಗವನ್ನು ಓದುತ್ತೇನೆ. ಮೀನುಗಾರ ಮನೆತನದವರು ಗುಂಪಿನಲ್ಲಿದ್ದರೆ ಓದಲು ಅವರನ್ನೇ ಕರೆಯುತ್ತೇನೆ. ಹಾಡು ದಡಕ್ಕೆ ಮರಳುವಾಗ ಇರಲಿ.

ದಡಕ್ಕೆ ಬಂದವರು ಗಿನೋಸಾರಿನಲ್ಲಿ ಕಾಪಾಡಿಟ್ಟಿರುವ ಹಳೆಯ ದೋಣಿಯನ್ನು ನೋಡಬೇಕು. 1986ರಲ್ಲಿ ಬರ ಬಂದು ನೀರು ಇಳಿದಾಗ ಕೆಸರಿನಲ್ಲಿ ಸಿಕ್ಕಿದ, ಎಂಟು ಮೀಟರಿಗಿಂತ ತುಸು ಉದ್ದದ, ಯೇಸುಸ್ವಾಮಿಯ ಕಾಲದ್ದೆಂದು ತಿಳಿದುಬಂದ ದೋಣಿ. ಬೇರೆ ಬೇರೆ ಜಾತಿಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿದ್ದಾರೆ. ಆ ಕಾಲದ ಮೀನುಗಾರರ ಬಡತನವನ್ನು ಯಾವ ಪ್ರಸಂಗವೂ ಅಷ್ಟು ಚೆನ್ನಾಗಿ ಹೇಳಲಾರದು.

ಐದನೆಯ ದಿನಕ್ಕೆ ತಾಬ್ಗಾ, ಕಪೆರ್ನೌಮ್, ಅಷ್ಟಭಾಗ್ಯಗಳ ಬೆಟ್ಟ ಇಷ್ಟೇ ಸಾಕು. ತಾಬ್ಗಾದ ರೊಟ್ಟಿ ಮೀನಿನ ಮೊಸಾಯಿಕ್ ಮುಂದೆ ಎಲ್ಲರೂ ನಿಲ್ಲುತ್ತಾರೆ, ಆದರೆ ಪೇತ್ರರಿಗೆ ಅಧಿಕಾರ ಕೊಟ್ಟ ಸ್ಥಳದ ದೇವಾಲಯದ ಹಿಂದೆ ನೀರಿಗೆ ಇಳಿಯುವ ಕಲ್ಲಿನ ದಡದಲ್ಲಿ ಹಿರಿಯರನ್ನು ಇನ್ನಷ್ಟು ಹೊತ್ತು ಕೂರಲು ಬಿಡಿ. ಯೊವಾನ್ನನ 21ನೆಯ ಅಧ್ಯಾಯವನ್ನು ಅಲ್ಲಿ ಓದಬೇಕು.

ಯಾತ್ರಾ ಸಂಯೋಜಕ, ಮಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟ್ರಾವೆಲ್ಸ್‌ನವರಿಗೆ ಈ ದಿನ ಪತ್ರ ಬರೆದಿದ್ದೇನೆ. ಪೆಟ್ರಾ ಕೈಬಿಟ್ಟಿದೆ. ಗಡಿಯ ದಿನ ಬೇರೆ ಸ್ಥಳ ಇರುವುದಿಲ್ಲ, ಶುಕ್ರವಾರ ಮತ್ತು ಶನಿವಾರ ಗಡಿ ದಾಟದಂತೆ ದಿನಾಂಕ ಹೊಂದಿಸಲು ಕೇಳಿದ್ದೇನೆ. ನಾಲ್ಕನೆಯ ದಿನ ಬೆಳಿಗ್ಗೆ ನಜರೇತಿನ ಗವಿಯ ಪೀಠದಲ್ಲಿ ಬಲಿಪೂಜೆ, ನಂತರ ಮೌನದ ಅರ್ಧ ಗಂಟೆ, ಆಮೇಲೆ ಕಾನಾ, ಸಂಜೆ ಇಬಿಲ್ಲಿನ್. ತಾಬೋರ್ ಬೆಟ್ಟವನ್ನು ಆರನೆಯ ದಿನ ಜೆರುಸಲೇಮಿನ ಕಡೆಗೆ ಹೊರಡುವಾಗ ದಾರಿಯಲ್ಲಿ ಇಟ್ಟುಕೊಳ್ಳುತ್ತೇವೆ. ರದ್ದತಿಯ ಷರತ್ತುಗಳು ಲಿಖಿತವಾಗಿ ಬರುವವರೆಗೆ ಯಾರಿಂದಲೂ ಮುಂಗಡ ತೆಗೆದುಕೊಳ್ಳುವುದಿಲ್ಲ.

ಹೊರಡುವ ಮುಂಚೆ ಮೂರು ಭಾನುವಾರ ಪೂಜೆಯ ನಂತರ ಗುಂಪನ್ನು ಧರ್ಮಕೇಂದ್ರದ ಸಭಾಂಗಣದಲ್ಲಿ ಸೇರಿಸಲಿದ್ದೇವೆ. ಔಷಧಿ ಮತ್ತು ಗಡಿಯಾರದ ವಿಷಯ ಮೊದಲ ಭಾನುವಾರ, ಧರ್ಮಗ್ರಂಥದ ಓದುಗಳನ್ನು ಹಂಚುವುದು ಎರಡನೆಯ ಭಾನುವಾರ. ಪ್ರತಿ ಸ್ಥಳಕ್ಕೂ ಒಬ್ಬೊಬ್ಬ ಓದುಗರು ಇರುತ್ತಾರೆ. ಕೊಂಕಣಿಯಲ್ಲಿ ಓದುವವರೂ ಕನ್ನಡದಲ್ಲಿ ಓದುವವರೂ ಸರದಿಯಂತೆ ಬರುತ್ತಾರೆ. ಮೂರನೆಯ ಭಾನುವಾರ ಸಂತ ಮರಿಯಂ ಅವರ ಜೀವನ ಚರಿತ್ರೆ. ಆ ದಿನ ಮಂಗಳೂರಿನ ಏಕಾಂತ ಕಾರ್ಮೆಲ್ ಮಠದ ಸಿಸ್ಟರುಗಳ ಪ್ರಾರ್ಥನೆಯನ್ನು ಕೋರಿ, ಅವರು ಇಬಿಲ್ಲಿನ್‌ನ ಚರ್ಚಿಗೆ ಒಂದು ಪತ್ರ ಕೊಟ್ಟರೆ ಅದನ್ನು ಒಯ್ಯಬೇಕೆಂದು ಮನಸ್ಸಿದ್ದು, ಆ ಬಗ್ಗೆ ವಿಚಾರಿಸಿದ್ದೇನೆ. ಅವರ ಉತ್ತರ ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.

ಕಾರ್ಕಳದವರೇ, ನಿಮ್ಮ ತಾಯಿಯವರು ಬರುವುದಾದರೆ ಇನ್ನೂ ಜಾಗವಿದೆ. ಗಾಲಿಕುರ್ಚಿ ಎರಡನ್ನು ಜೆರುಸಲೇಮಿಗೆ ಹೇಳಿಟ್ಟಿದ್ದೇವೆ.